ಎಜ್ರಾ ಸಾಹೇಬರಿಗೆ ಹತ್ತು ಮಂದಿ

ಗಂಜಿ ಹಾಕಿ ಒಣಗಿಸಿದ ಹತ್ತಿ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಕೂತಾಗ ಒಂದು ವಾಸನೆ ಏಳುತ್ತದೆ. ಅನ್ನ ಇನ್ನೇನು ತಳ ಹಿಡಿಯಬೇಕು ಅನ್ನುವಾಗ ಬರುವ ವಾಸನೆಗೆ ಹತ್ತಿರದ್ದು. ಹೋದ ತಿಂಗಳು ವ್ಯಾನಿನ ಗೇರ್‌ಬಾಕ್ಸ್ ತೋರಿಸಲು ದೋಹಾದ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋಗಿದ್ದೆ. ಮೆಕ್ಯಾನಿಕ್ ಸಂಜೆ ಬನ್ನಿ ಅಂದ. ಹೊತ್ತು ಕಳೆಯಲು ಬೀದಿಯಲ್ಲಿ ಅಡ್ಡಾಡುತ್ತಿದ್ದಾಗ ಎಲ್ಲಿಂದಲೋ ಆ ವಾಸನೆ ಬಂತು. ಕಾಲು ತಾನಾಗಿ ಎಡಕ್ಕೆ ತಿರುಗಿತು. ನಾನು ಎಷ್ಟೋ ವರ್ಷ ದುಡಿದ ಲಾಂಡ್ರಿ ಇದ್ದ ಜಾಗದಲ್ಲಿ ಈಗ ಲಾರಿ ಟೈರುಗಳನ್ನು ಒಟ್ಟಿದ್ದಾರೆ. ವಾಸನೆ ಬಂದದ್ದು ಎದುರಿನ ಸಣ್ಣ ಅಂಗಡಿಯಿಂದ. ಒಬ್ಬ ನೇಪಾಳಿ ಅರಬರ ಬಿಳಿ ನಿಲುವಂಗಿಗೆ ಇಸ್ತ್ರಿ ಹಾಕುತ್ತಿದ್ದ. ನಾನು ಅಲ್ಲೇ ಬಿಸಿಲಲ್ಲಿ ನಿಂತು ಅತ್ತುಬಿಟ್ಟೆ. ಐವತ್ತು ದಾಟಿದ ಗಂಡಸು ನಡುಬೀದಿಯಲ್ಲಿ ಅಳುವುದು ಚಂದದ ನೋಟವಲ್ಲ. ಪಾಪ, ಆ ಹುಡುಗ ಇಸ್ತ್ರಿ ಬಿಟ್ಟು ಬಂದು ನೀರಿನ ಬಾಟಲಿ ಕೊಟ್ಟ.

ಥಾಣೆಯಲ್ಲಿ ಹನ್ನಾಬಾಯಿ ತೀರಿಕೊಂಡ ಸುದ್ದಿ ಬಂದು ಆಗ ವಾರವಾಗಿತ್ತು. ಸುದ್ದಿ ಬಂದ ದಿನ ನನಗೆ ಅಳು ಬಂದಿರಲಿಲ್ಲ.

ಹನ್ನಾಬಾಯಿ ಆ ಲಾಂಡ್ರಿಯ ಯಜಮಾನಿ. ಹೋಟೆಲುಗಳ ಹಾಸಿಗೆ ಬಟ್ಟೆ, ಕಂಪನಿಗಳ ಯೂನಿಫಾರ್ಮ್ ಒಗೆದು ಇಸ್ತ್ರಿ ಮಾಡಿ ಕೊಡುವ ವ್ಯಾಪಾರ. ನಾನು ವ್ಯಾನುಗಳ ಉಸ್ತುವಾರಿಗೆ ಸೇರಿದವನು. ಸಂದರ್ಶನಕ್ಕೆ ಹೋದಾಗ ನನ್ನ ಹಿಂದಿ ಕೇಳಿ ನಕ್ಕು, "ಕನ್ನಡದಾಗ ಮಾತಾಡೋ ತಮ್ಮಾ, ನಿನ್ನ ಹಿಂದಿ ಕೇಳಿದರ ನನಗ ಹೊಟ್ಟಿ ನೋಯ್ತೈತಿ" ಅಂದಿದ್ದರು. ದೋಹಾದ ಮರಳುಗಾಡಿನಲ್ಲಿ ಅಪ್ಪಟ ಹುಬ್ಬಳ್ಳಿ ಕನ್ನಡ! ಅವರಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರಂತೆ. ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವರು, ಮದುವೆಯಾಗಿ ಥಾಣೆಗೆ ಹೋಗಿ, ಅಲ್ಲಿಂದ ಗಂಡ ಎಜ್ರಾ ಸಾಹೇಬರ ಜತೆ ಕತಾರಿಗೆ ಬಂದವರು.

ಹನ್ನಾ, ಎಜ್ರಾ ಎಂಬ ಹೆಸರು ಕೇಳಿ ನಾವೆಲ್ಲ ಅವರನ್ನು ಕ್ರಿಶ್ಚಿಯನ್ನರು ಎಂದೇ ತಿಳಿದಿದ್ದೆವು. ಸೇರಿದ ವರ್ಷ ಡಿಸೆಂಬರಿನಲ್ಲಿ ನಾನು ಕೇಕು ಹಿಡಿದುಕೊಂಡು ಅಬು ಹಮೂರ್‌ನ ಅವರ ಮನೆಗೆ ಹೋದೆ. ಬಾಯಿ ಕೇಕಿನ ಪೆಟ್ಟಿಗೆ ಇಸಿದುಕೊಂಡು, "ಹಬ್ಬ ನಮ್ದಲ್ಲೋ ಸದಾನಂದ. ನಾವು ಯಹೂದಿ ಮಂದಿ. ಕೇಕ್ ಇರಲಿ" ಎಂದರು. ಒಳಗಿನಿಂದ ಎಜ್ರಾ ಸಾಹೇಬರು ಜೋರಾಗಿ ನಕ್ಕದ್ದು ಕೇಳಿಸಿತು. ನನಗೆ ಯಹೂದಿಗಳೆಂದರೆ ಟಿವಿಯ ಯುದ್ಧದ ಸುದ್ದಿಯಲ್ಲಿ ಬರುವವರು ಮಾತ್ರ. ಇವರು ನೋಡಿದರೆ ಕೊಂಕಣದವರು. ಎಷ್ಟೋ ತಲೆಮಾರಿನಿಂದ ಅಲ್ಲಿ ಎಣ್ಣೆ ಗಾಣ ಆಡಿಸಿಕೊಂಡಿದ್ದ ಜನ. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಊರವರು ಶನಿವಾರದ ಗಾಣಿಗರು ಎನ್ನುತ್ತಿದ್ದರಂತೆ. ದೋಹಾದಲ್ಲಿ ಅವರ ಬಾಯ್ಲರೂ ಶನಿವಾರ ತಣ್ಣಗಿರುತ್ತಿತ್ತು. ಹೋಟೆಲಿನವರು ಫೋನ್ ಮಾಡಿ ಬೈದರೆ ಬಾಯಿ ನನ್ನನ್ನು ಮುಂದೆ ಬಿಡುತ್ತಿದ್ದರು. ಯಾಕೆಂದು ಅವರೂ ಬಿಡಿಸಿ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಎಜ್ರಾ ಸಾಹೇಬರು ಬಾಯ್ಲರ್ ಮೆಕ್ಯಾನಿಕ್ ಆಗಿ ಬಂದವರು. ದಪ್ಪ ಕನ್ನಡಕ, ಸಕ್ಕರೆ ಕಾಯಿಲೆ, ಕದ್ದು ತಿನ್ನುವ ಜಿಲೇಬಿ. "ನನ್ನ ಕನ್ನಡ ಹೆಂಡತಿ ತಂದ ವರದಕ್ಷಿಣಿ, ಅದಕ್ಕ ಕಡಿಮಿ ಬಿತ್ತು" ಎನ್ನುತ್ತಿದ್ದರು. ಅಬು ಹಮೂರ್‌ನಲ್ಲಿ ವಾರದ ರಜೆಯ ಶುಕ್ರವಾರ ಬಂತೆಂದರೆ ಚರ್ಚುಗಳಿಗೆ ಹೋಗುವವರ ಕಾರುಗಳು ಅವರ ಗೇಟಿಗೂ ಅಡ್ಡ ನಿಲ್ಲುತ್ತಿದ್ದವು. ಸಾಹೇಬರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, "ಎಲ್ಲಾ ದೇವರಿಗೂ ಪಾರ್ಕಿಂಗ್ ಐತಿ. ನಮ್ಮ ದೇವರು ನಡಕೋತ ಬರ್ತಾನ" ಎಂದು ನಗಿಸುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ.

ಬಾಯಿಯ ಗಟ್ಟಿತನ ನಾನು ಕಣ್ಣಾರೆ ಕಂಡದ್ದು. ಹಿಂದೊಮ್ಮೆ ಡ್ರೈಯರಿನಿಂದ ಬೆಂಕಿ ಎದ್ದು ಅರ್ಧ ಶೆಡ್ಡು ಸುಟ್ಟುಹೋಯಿತು. ಮರುದಿನ ಬೆಳಗ್ಗೆ ಬೂದಿಯ ನಡುವೆ ಸ್ಟೂಲ್ ಹಾಕಿ ಕೂತ ಬಾಯಿ, ಉಳಿದ ಎರಡು ಮಷೀನು ತೋರಿಸಿ, "ಎರಡು ಅದಾವಲ್ಲ. ಯಲ್ಲಾ, ನಡೀರಿ, ಶುರು ಮಾಡ್ರಿ" ಎಂದಿದ್ದರು. ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ. ತಮ್ಮ ಬಳೆಗಳು ಕೈಯಿಂದ ಹೋದದ್ದು ಮಾತ್ರ ಎಲ್ಲರಿಗೂ ಕಾಣುತ್ತಿತ್ತು.

ಅವರಿಗೆ ಇನ್ನೊಂದು ಕೆಲಸವಿತ್ತು. ಅದಕ್ಕೆ ಬೋರ್ಡು ಇರಲಿಲ್ಲ. ಯಾವುದೋ ಕ್ಯಾಂಪಿನಲ್ಲಿ, ಯಾವುದೋ ಸೈಟಿನಲ್ಲಿ ಒಬ್ಬ ಕೂಲಿಯವನು ಸತ್ತರೆ, ಇಲ್ಲಿ ಅವನವರು ಯಾರೂ ಇಲ್ಲದಿದ್ದರೆ, ಬಾಯಿಗೆ ಫೋನ್ ಬರುತ್ತಿತ್ತು. ಲಾಂಡ್ರಿಯಲ್ಲೇ ಒಗೆದ ಹೊಸ ಬಿಳಿ ಬಟ್ಟೆ ತೆಗೆದುಕೊಂಡು ಹೋಗುತ್ತಿದ್ದರು. ಕಾಗದಪತ್ರ ಮುಗಿದು ವಿಮಾನ ಹತ್ತುವವರೆಗೆ ಹೆಣದ ಹತ್ತಿರ, ಶವಾಗಾರದ ಹೊರಗಿನ ಬೆಂಚಿನಲ್ಲಾದರೂ ಸರಿ, ಒಬ್ಬರು ಕೂರಲೇಬೇಕು. ತಾವು ಕೂರುತ್ತಿದ್ದರು, ಇಲ್ಲವೇ ನಮ್ಮನ್ನು ಕೂರಿಸುತ್ತಿದ್ದರು. ಅವರ ಧರ್ಮದಲ್ಲಿ ಸತ್ತವರನ್ನು ಮಣ್ಣಾಗುವವರೆಗೆ ಒಂಟಿಯಾಗಿ ಬಿಡುವಂತಿಲ್ಲ. ಸತ್ತವನು ಹಿಂದುವೋ ಮುಸ್ಲಿಮನೋ, ಅವರಿಗೆ ಅದು ಮುಖ್ಯವಲ್ಲ. "ಸತ್ತಾಂವ ತಿರುಗಿ ನಮಗೇನೂ ಮಾಡಂಗಿಲ್ಲ. ಅದಕ್ಕ ಅವಂಗ ಮಾಡಿದ್ದು ಖರೇ ಮಾಡಿದ್ದು" ಅನ್ನುತ್ತಿದ್ದರು. ನಾನು ಒಳಗೊಳಗೆ ಗೊಣಗಿದ್ದೂ ಉಂಟು. ದಿನವಿಡೀ ವ್ಯಾನು ಓಡಿಸಿ ಬಂದವನನ್ನು ಗುರುತು ಪರಿಚಯವಿಲ್ಲದ ಹೆಣಕ್ಕೆ ಕಾವಲು ಕೂರಿಸಿದರೆ ಯಾರಿಗಾದರೂ ಬೇಸರವೇ.

ಕೊರೋನಾ ಬಂದ ವರ್ಷ, ಮಾರ್ಚಿನಲ್ಲಿ, ಇಂಡಸ್ಟ್ರಿಯಲ್ ಏರಿಯಾದ ನಮ್ಮ ಭಾಗವನ್ನು ಮುಚ್ಚುತ್ತಾರೆಂಬ ಸುದ್ದಿ ಹಬ್ಬಿತು. ಒಳಗಿದ್ದವರು ಹೊರಗೆ ಬರುವಂತಿಲ್ಲ, ಹೊರಗಿದ್ದವರು ಒಳಗೆ ಹೋಗುವಂತಿಲ್ಲ. ಮುಖ್ಯ ಇಸ್ತ್ರಿಯವನು ಇಸ್ಮಾಯಿಲ್ ಸೇರಿ ಕೆಲಸದವರೆಲ್ಲ ಲಾಂಡ್ರಿಯ ಮೇಲಿನ ಕೋಣೆಗಳಲ್ಲೇ ಇದ್ದವರು. ನಾನು ಸುದ್ದಿ ಹೇಳಲು ಅಬು ಹಮೂರ್‌ಗೆ ಓಡಿದೆ. ಬಾಯಿ ಆಗಲೇ ಒಂದು ಚೀಲಕ್ಕೆ ಬಟ್ಟೆ ತುಂಬುತ್ತಿದ್ದರು.

"ಬಾಯಿ, ನೀವು ಎಂತಕ್ಕೆ ಹೋಗುವುದು? ಇಸ್ಮಾಯಿಲ್ ಇದ್ದಾನಲ್ಲ, ಅವ ನೋಡಿಕೊಳ್ತಾನೆ. ನಾನು ಬೇಕಾದರೆ ಹೋಗ್ತೇನೆ."

"ನಿನಗ ಮನಿಯಾಗ ಹೆಂಡತಿ ಮಗಳು ಅದಾರ. ನೀ ಹೊರಗಿರು, ಹೊರಗೊಬ್ಬರು ಬೇಕು. ಆ ಹುಡುಗೂರು ಅಂಜಿ ಸಾಯ್ತಾವ. ಯಜಮಾನಿ ಒಳಗದಾಳ ಅಂದರ ಅಕ್ಕಿ ಬ್ಯಾಳಿ ಕೇಳಾಕ ಒಂದು ಬಾಯಿ ಇರ್ತೈತಿ. ಎರಡು ವಾರದ ಮಾತು."

ಸಾಹೇಬರು ಸೋಫಾದಲ್ಲಿ ಕೂತಿದ್ದರು. ಬೇಡ ಅನ್ನುತ್ತಾರೆಂದು ನಾನು ಅವರ ಮುಖ ನೋಡಿದೆ. ಅವರು ಎದ್ದು ಚೀಲದ ಜಿಪ್ಪು ಎಳೆದು ಕೊಟ್ಟರು. "ಹೋಗು. ಬಾಯ್ಲರಿನ ಎಡಗಡೆ ವಾಲ್ವ್ ಲೀಕ್ ಐತಿ, ನೋಡ್ಕೊ" ಅಂದರು. ಗಂಡ ಹೆಂಡತಿ ಅಷ್ಟೇ ಮಾತಾಡಿದ್ದು. ಪೊಲೀಸರು ದಾರಿ ಮುಚ್ಚುವ ಮೊದಲು ನಾನೇ ಅವರನ್ನು ಬಿಟ್ಟು ಬಂದೆ.

ಎರಡು ವಾರ ನಾಲ್ಕಾಯಿತು, ನಾಲ್ಕು ಆರಾಯಿತು. ಬಾಯಿ ಒಳಗೆ ಸುಮ್ಮನೆ ಕೂತವರಲ್ಲ. ಕ್ವಾರಂಟೈನ್ ಕೋಣೆಗಳ ಹಾಸಿಗೆ ಬಟ್ಟೆ ಒಗೆಯುವ ಕೆಲಸ ಹಿಡಿದರು. ಅಕ್ಕಪಕ್ಕದ ಗ್ಯಾರೇಜುಗಳಲ್ಲಿ ಸಿಕ್ಕಿಬಿದ್ದವರಿಗೂ ದೊಡ್ಡ ಹಂಡೆಯಲ್ಲಿ ಅನ್ನ ಬೇಯಿಸಿ ಕಳಿಸಿದರು. ಇಸ್ಮಾಯಿಲ್, ಉಪ್ಪಿನಂಗಡಿ ಕಡೆಯ ಬ್ಯಾರಿ, ದಿನಾ ಫೋನ್ ಮಾಡಿ ನನಗೆ ವರದಿ ಕೊಡುತ್ತಿದ್ದ. "ಅಣ್ಣ, ಬಾಯಿ ನಮಗೆ ಮಾಸ್ಕ್ ಹೊಲಿಸ್ತಾ ಇದ್ದಾರೆ. ರಾತ್ರಿ ಮಲಗುವುದಿಲ್ಲ ಮಾರಾಯ್ರೆ" ಅನ್ನುತ್ತಿದ್ದ. ನಾನು ನಮ್ಮ ಮನೆಯಿದ್ದ ಮುಐದರ್‌ನಿಂದ ಹೊರಟು, ಅಬು ಹಮೂರ್‌ನಲ್ಲಿ ಸಾಹೇಬರಿಗೆ ಊಟ ಕೊಟ್ಟು, ಚೆಕ್‌ಪೋಸ್ಟಿಗೆ ಬಂದು ಅಕ್ಕಿಮೂಟೆ ಇಳಿಸುತ್ತಿದ್ದೆ. ಬೇಲಿಯ ಆಚೆ ದೂರದಲ್ಲಿ ಬಾಯಿ ಕೈ ಎತ್ತುತ್ತಿದ್ದರು. ಮಾಸ್ಕು, ತಲೆಗೆ ಕಟ್ಟಿದ ಸ್ಕಾರ್ಫು. ನಡಿಗೆಯಿಂದಲೇ ಗುರುತು ಹಿಡಿಯಬೇಕು.

ಏಪ್ರಿಲಿನಲ್ಲಿ ಅವರ ದೊಡ್ಡ ಹಬ್ಬ ಬಂತು. ಎಂಟು ದಿನ ಹುದುಗಿದ ಹಿಟ್ಟು, ಗೋಧಿ ರೊಟ್ಟಿ ಮುಟ್ಟುವಂತಿಲ್ಲ. ಬಾಯಿ ಒಳಗೆ ಅಕ್ಕಿರೊಟ್ಟಿ ತಟ್ಟಿದರು; ಜತೆಗಿದ್ದವರೂ ಅದನ್ನೇ ತಿಂದರು. ಹಬ್ಬದ ಮೊದಲ ಸಂಜೆ ನಾನು ಸಾಹೇಬರ ಮನೆಯ ಬಾಗಿಲಲ್ಲಿ ನಿಂತಿದ್ದೆ. ಅವರು ಬಿಳಿ ಅಂಗಿ ಹಾಕಿ, ಮೇಜಿನ ಮೇಲೆ ಎರಡು ತಟ್ಟೆ ಇಟ್ಟು, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಹೆಂಡತಿಯ ಜತೆ ಪ್ರಾರ್ಥನೆ ಓದುತ್ತಿದ್ದರು. ಆ ಕಡೆಯಿಂದ ಬಾಯಿಯ ದನಿ ತುಂಡುತುಂಡಾಗಿ ಬರುತ್ತಿತ್ತು. ಮುಗಿದ ಮೇಲೆ ಸಾಹೇಬರು ನನ್ನ ಕಡೆ ತಿರುಗಿ, "ಸದಾನಂದ, ಹನ್ನಾ ಬರೂತನಕ ಈ ತಟ್ಟಿ ಹಿಂಗ ಇರಲಿ" ಅಂದರು. ನಾನು ಆಗಲಿ ಅಂದೆ.

ಮೇ ತಿಂಗಳು, ರಂಜಾನ್ ನಡೆಯುತ್ತಿತ್ತು. ಒಂದು ಮಧ್ಯಾಹ್ನ ಊಟ ಇಡಲು ಹೋದರೆ ಹಿಂದಿನ ದಿನದ ಡಬ್ಬಿ ಹಾಗೆಯೇ ಇತ್ತು. ಸಾಹೇಬರಿಗೆ ಮೈ ಸುಡುತ್ತಿತ್ತು. ಆಂಬುಲೆನ್ಸ್ ಬಂತು. ಏರುವಾಗ ಕನ್ನಡಕ ಬಿದ್ದದ್ದನ್ನು ನಾನು ಎತ್ತಿ ಕೊಡಲು ಹೋದೆ. ಬಿಳಿ ಕವಚ ತೊಟ್ಟ ಹುಡುಗ ದೂರ ನಿಲ್ಲಲು ಸನ್ನೆ ಮಾಡಿದ.

ಬಾಯಿ ಅವತ್ತು ಸಂಜೆ ಚೆಕ್‌ಪೋಸ್ಟಿಗೆ ಬಂದರು. ಅವರು ಒಳಗಿನ ಕಡೆ, ನಾನು ಹೊರಗಿನ ಕಡೆ, ನಡುವೆ ಕಾಂಕ್ರೀಟಿನ ಅಡ್ಡಗಟ್ಟು. ಪೊಲೀಸಿನವನು ಮೀಸೆ ಚಿಗುರುತ್ತಿದ್ದ ಹುಡುಗ. ಬಾಯಿ ತಮ್ಮ ಹರಕು ಅರಬಿಯಲ್ಲಿ ಗಂಡ, ಆಸ್ಪತ್ರೆ, ಒಂದೇ ಸಲ ಎಂದು ಕೈಮುಗಿದರು. ಆ ಹೆಂಗಸು ಕೈಮುಗಿದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಹುಡುಗ ಫೋನ್ ಮಾಡಿ ಯಾರನ್ನೋ ಕೇಳಿದ, ಮತ್ತೆ ಇನ್ನೊಬ್ಬರನ್ನು ಕೇಳಿದ. ಕೊನೆಗೆ "ಮಾಫಿ, ಮಾಮಾ", ಆಗುವುದಿಲ್ಲ ಅಮ್ಮಾ, ಎಂದು ತಲೆ ತಗ್ಗಿಸಿದ. ಅವನ ಕಣ್ಣಲ್ಲೂ ನೀರಿತ್ತು. ನಿಯಮ ಎಲ್ಲರಿಗೂ ಒಂದೇ ಎಂದು ಹೇಳುವುದು ಸುಲಭ. ಬಾಯಿ ಜಗಳವಾಡಲಿಲ್ಲ. ಬೆನ್ನು ತಿರುಗಿಸಿ ನಡೆದರು. ಆ ಸಲ ಮಾತ್ರ ನಡಿಗೆಯಿಂದ ಅವರ ಗುರುತು ಸಿಗುತ್ತಿರಲಿಲ್ಲ.

ಸಾಹೇಬರು ವಾರವೂ ಉಳಿಯಲಿಲ್ಲ. ಆಸ್ಪತ್ರೆಯವರು ಮೊದಲು ನನಗೆ ತಿಳಿಸಿದರು. ನಾನು ಬಾಯಿಗೆ ಫೋನ್ ಮಾಡಿದೆ. ಹಲೋ ಅಂದೆ.

"ಆತೇನು?" ಅಂದರು.

"ಆಯಿತು ಬಾಯಿ."

ಅವರು ಯಾರಿಗೋ ಮಷೀನು ನಿಲ್ಲಿಸಲು ಹೇಳಿದರು. ಆಮೇಲೆ, "ಅವರನ್ನ ಒಬ್ಬರನ್ನ ಬಿಡಬ್ಯಾಡ ಸದಾನಂದ" ಅಂದರು.

ಶವಾಗಾರದ ಹತ್ತಿರ ಯಾರನ್ನೂ ಬಿಡುತ್ತಿರಲಿಲ್ಲ. ನಾನು ಆಸ್ಪತ್ರೆಯ ಪಾರ್ಕಿಂಗಿನಲ್ಲಿ ವ್ಯಾನು ನಿಲ್ಲಿಸಿ, ಆ ಕಟ್ಟಡದ ಗೋಡೆ ಕಾಣುವಂತೆ ಮುಖ ಮಾಡಿ ಕೂತೆ. ಅದು ಕೂತ ಹಾಗೆ ಆಯಿತೋ ಇಲ್ಲವೋ ಗೊತ್ತಿಲ್ಲ. ಒಂದು ಹಗಲು, ಒಂದು ರಾತ್ರಿ, ಇನ್ನೊಂದು ಹಗಲು. ನನ್ನ ಹೆಂಡತಿ ಪ್ರಮೀಳಾ ಗಂಜಿ ಕಳಿಸಿದಳು. ವಿಮಾನಗಳಿಲ್ಲ, ಇದ್ದರೂ ಆ ರೋಗದ ಹೆಣವನ್ನು ಊರಿಗೆ ಕಳಿಸುವಂತಿಲ್ಲ. ಪಶ್ಚಿಮಕ್ಕೆ, ದುಖಾನ್ ಕಡೆ, ಮರಳಿನ ನಡುವೆ ಮುಸ್ಲಿಮೇತರರಿಗೆಂದು ಇರುವ ಸ್ಮಶಾನದಲ್ಲೇ ಮಣ್ಣು ಮಾಡಬೇಕು ಎಂದರು. ಮೈ ತೊಳೆಯುವಂತಿಲ್ಲ, ಬಟ್ಟೆ ಉಡಿಸುವಂತಿಲ್ಲ. ಊರವರಿಗೆಲ್ಲ ಬಿಳಿ ಬಟ್ಟೆ ಹೊದೆಸಿದ ಮನೆಯ ಯಜಮಾನನನ್ನು ಪ್ಲಾಸ್ಟಿಕ್ ಚೀಲದಲ್ಲೇ ಇಳಿಸಿದರು. ನಾನು ದೂರ ನಿಂತು ಫೋನ್ ಎತ್ತಿ ಹಿಡಿದೆ. ಗಾಳಿ, ಧೂಳು. ಪರದೆಯಲ್ಲಿ ಬಾಯಿಯ ಮುಖ ಸಣ್ಣದಾಗಿ ಕಾಣುತ್ತಿತ್ತು. ಅವರು ತಮ್ಮ ಕುಪ್ಪಸದ ಕೊರಳಂಚನ್ನು ಎರಡೂ ಕೈಯಲ್ಲಿ ಹಿಡಿದು ಪರ್ರೆಂದು ಹರಿದರು. ಅದು ಅವರ ಪದ್ಧತಿ ಎಂದು ಆಮೇಲೆ ತಿಳಿಯಿತು. ಆಗ ನನಗೆ ಅವರಿಗೆ ಹುಚ್ಚು ಹಿಡಿಯಿತೆಂದು ಭಯವಾಯಿತು.

ಏಳು ದಿನ ಬಾಯಿ ಹಾಸಿಗೆ ಬಟ್ಟೆ ಜೋಡಿಸುವ ಕೋಣೆಯಲ್ಲಿ ನೆಲದ ಮೇಲೆ ಕೂತರಂತೆ. ಕನ್ನಡಿಗೆ ಬಟ್ಟೆ ಮುಚ್ಚಿದ್ದರಂತೆ. ಉಪವಾಸ ಹಿಡಿದ ಇಸ್ಮಾಯಿಲ್ ಮತ್ತು ಉಳಿದ ಹುಡುಗರು ಅವರಿಗೆ ಸರದಿಯ ಮೇಲೆ ಗಂಜಿ ಕುಡಿಸಿದರಂತೆ. ನಾನು ಫೋನಿನಲ್ಲಿ ಮಾತು ಹೊರಡಿಸಲು ನೋಡುತ್ತಿದ್ದೆ. ಒಂದು ದಿನ ಅವರೇ ಹೇಳಿದರು: "ಮಣ್ಣು ಕೊಟ್ಟ ಮ್ಯಾಲೆ ಒಂದು ಪ್ರಾರ್ಥನಿ ಐತಿ. ಅದನ್ನ ಒಬ್ಬರ ಹೇಳಾಕ ಬರಂಗಿಲ್ಲ. ಹತ್ತು ಮಂದಿ ಗಂಡಸರು ಕೂಡಬೇಕು. ಇಲ್ಲಿ ನಮ್ಮವರು ನಾಲ್ಕೈದು ಮಂದಿ ಇದ್ದರು, ವಿಮಾನ ನಿಲ್ಲೂಕಿಂತ ಮೊದಲ ಹೋದರು. ಥಾಣೆಯಾಗ ನಮ್ಮ ಮಂದಿರಕ್ಕೂ ಬೀಗ ಬಿದ್ದೈತಿ. ಅವರನ್ನ ಹಂಗ ಒಗದು ಬಂದಂಗಾತಲ್ಲೋ!" ಇಷ್ಟು ದಿನ ತಡೆದದ್ದೆಲ್ಲ ಆಗ ಕಟ್ಟೆಯೊಡೆಯಿತು. ಅವರು ಅತ್ತದ್ದು ನಾನು ಕೇಳಿದ್ದು ಅದೊಂದೇ ಸಲ.

ನಾನು ಯೋಚಿಸಿದೆ. ನಮ್ಮಲ್ಲಿ ಯಾವುದಕ್ಕೆ ಬದಲಿ ಇಲ್ಲ? ಮಗನಿಲ್ಲದಿದ್ದರೆ ತಮ್ಮನ ಮಗ ಕೊಳ್ಳಿ ಇಡುತ್ತಾನೆ. ಗೋದಾನಕ್ಕೆ ಗೋವಿಲ್ಲದಿದ್ದರೆ ತೆಂಗಿನಕಾಯಿ ಇಟ್ಟು ಗೋವೆಂದು ಭಾವಿಸಿ ಎನ್ನುತ್ತಾರೆ ಭಟ್ಟರು. ದೇಹವೇ ಸಿಗದಿದ್ದರೆ ದರ್ಭೆಯಲ್ಲಿ ಮನುಷ್ಯನನ್ನು ಮಾಡಿ ಸುಡುತ್ತೇವೆ. ದೇವರಿಗೂ ಕಷ್ಟಕಾಲ ಅರ್ಥವಾಗುತ್ತದೆ ಎಂದೇ ನಾವೆಲ್ಲ ನಂಬಿರುವುದು. ಹಾಗಿರುವಾಗ ಹತ್ತು ಮಂದಿ ಎಲ್ಲಿಯ ದೊಡ್ಡ ಮಾತು? ಇಸ್ಮಾಯಿಲ್‌ಗೆ ಹೇಳಿದೆ. ಅವನು ಬಾಯಿಯ ಅಳುವನ್ನು ಗೋಡೆಯಾಚೆಯಿಂದ ಕೇಳಿದವನು. "ಹತ್ತು ಜನ ತಾನೆ ಅಣ್ಣ? ನಾವಿಲ್ಲವಾ? ಬಾಯಿ ನಮ್ಮವರ ಎಷ್ಟು ಮಯ್ಯತ್ತಿಗೆ ಕೂತಿದ್ದಾರೆ! ಬೀದಿ ತೆಗೆಯಲಿ, ನಾನು ಕರಕೊಂಡು ಬರ್ತೇನೆ. ಅವರಿಗೆ ಈಗಲೇ ಹೇಳುವುದು ಬೇಡ" ಎಂದ.

ಜೂನಿನಲ್ಲಿ ನಮ್ಮ ಬೀದಿ ತೆರೆಯಿತು. ಹೊರಬಂದ ಬಾಯಿ ಮನೆಗೆ ಹೋಗಲು ಒಪ್ಪಲಿಲ್ಲ. ಮೊದಲು ಅಲ್ಲಿಗೆ ಅಂದರು. ನಾನು ಅವರನ್ನು ವ್ಯಾನಿನಲ್ಲಿ ಕೂರಿಸಿಕೊಂಡೆ. ದಾರಿಯುದ್ದಕ್ಕೂ ಅವರು ಕಿಟಕಿಯಾಚೆ ನೋಡುತ್ತಿದ್ದರು. ಎಷ್ಟು ಸೊರಗಿದ್ದರೆಂದರೆ ಸೀಟು ಬೆಲ್ಟು ಅವರಿಗೆ ಸಡಿಲವಾಗಿತ್ತು. ಹಿಂದೆ ದೂರದಲ್ಲಿ ಲಾಂಡ್ರಿಯ ಬಸ್ಸು ಬರುತ್ತಿರುವುದು ನನಗೆ ಗೊತ್ತಿತ್ತು.

ಸ್ಮಶಾನದಲ್ಲಿ ಮರವಿಲ್ಲ, ನೆರಳಿಲ್ಲ. ನಂಬರ್ ಬರೆದ ಒಂದು ತಗಡು, ಅದರ ಹಿಂದೆ ಮರಳಿನ ದಿಬ್ಬ. ಬಾಯಿ ಅದರ ಪಕ್ಕದಲ್ಲಿ ಕೂತು ದಿಬ್ಬದ ಮೇಲೆ ಅಂಗೈ ಇಟ್ಟರು. ಮರಳು ಸುಡುತ್ತಿತ್ತು, ಕೈ ತೆಗೆಯಲಿಲ್ಲ. ಮರಾಠಿಯಲ್ಲಿ ಏನೋ ಹೇಳಿದರು. ಅದು ಗಂಡನಿಗೆ ಹೇಳಿದ್ದು. ನಾನು ಸ್ವಲ್ಪ ಆಚೆ ಹೋದೆ.

ಅಷ್ಟರಲ್ಲಿ ಬಸ್ಸು ಬಂತು. ಇಸ್ಮಾಯಿಲ್ ಮೊದಲು ಇಳಿದ. ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದವರು. ಎಲ್ಲರೂ ಸ್ನಾನ ಮಾಡಿ, ತಾವೇ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟಿದ್ದರು. ಬಂಗಾಳಿಗಳು, ನೇಪಾಳಿಗಳು, ಒಬ್ಬ ಬಿಹಾರಿ, ಒಬ್ಬ ಸಿಂಹಳೀಯ. ತಲೆಗೆ ಟೋಪಿ, ಇಲ್ಲದವರಿಗೆ ಕರ್ಚೀಫು. ಒಬ್ಬರಿಂದ ಒಬ್ಬರು ದೂರ ದೂರ, ಮಾಸ್ಕು ಹಾಕಿಕೊಂಡು, ಅರ್ಧವೃತ್ತದಲ್ಲಿ ನಿಂತರು. ಇದನ್ನು ಅವರು ಮೊದಲೇ ಅಭ್ಯಾಸ ಮಾಡಿದ್ದರೆಂದು ಕಾಣುತ್ತದೆ, ಯಾರೂ ಯಾರಿಗೂ ಹೇಳಬೇಕಾಗಲಿಲ್ಲ.

ಬಾಯಿ ತಲೆಯೆತ್ತಿ ನೋಡಿದರು. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಹತ್ತು ಆಯಿತು ಬಾಯಿ," ಎಂದ ಇಸ್ಮಾಯಿಲ್. "ಶುರು ಮಾಡಿ. ನೀವು ಹೇಳಿಕೊಡಿ, ನಾವು ಹಿಂದಿನಿಂದ ಹೇಳ್ತೇವೆ. ಆಮೀನ್ ಹೇಳುವುದಾದರೆ ಅದೂ ಗೊತ್ತುಂಟು."

"ಇಸ್ಮಾಯಿಲ್, ಇದು ಆಗಂಗಿಲ್ಲಪಾ."

ಅವನು ಒಮ್ಮೆ ಹಿಂದೆ ತಿರುಗಿ ಎಣಿಸಿದ. "ಯಾಕೆ, ಸರಿಯಿದೆಯಲ್ಲ? ಡ್ರೈವರ್ ಕೂಡ ಬರಲಿ. ಸದಾನಂದಣ್ಣ ಇದ್ದಾರೆ. ಹನ್ನೆರ‍ಡಾಗ್ತದೆ."

"ಲೆಕ್ಕಕ್ಕ ನಮ್ಮ ಮಂದಿನ ಬೇಕು. ಯಹೂದಿ ಗಂಡಸರ ಆಗಬೇಕು. ನೀವು ನೂರು ಮಂದಿ ನಿಂತರೂ ಹತ್ತು ಆಗಂಗಿಲ್ಲ."

ಮಾತು ತಿಳಿಯದವರಿಗೆ ಇಸ್ಮಾಯಿಲ್ ಹಿಂದಿಯಲ್ಲಿ ಹೇಳಬೇಕಾಯಿತು. ಹೇಳುವಾಗ ಅವನ ದನಿ ಕುಗ್ಗುತ್ತಾ ಹೋಯಿತು. ಆ ಬಿಳಿ ಅಂಗಿಗಳ ಬೆನ್ನು ಬೆವರಿನಿಂದ ಅಂಟುತ್ತಿದ್ದುದನ್ನು ನಾನು ನೋಡುತ್ತಿದ್ದೆ. ನನ್ನ ಪಿತ್ತ ನೆತ್ತಿಗೇರಿತು. ಸಾಹೇಬರು ಹೋದ ದುಃಖ, ಪಾರ್ಕಿಂಗಿನಲ್ಲಿ ಕೂತ ದಣಿವು, ಎಲ್ಲ ಸೇರಿ ನಾಲಿಗೆಗೆ ಬಂದವು.

"ಎಂತ ಮಾತು ಬಾಯಿ ಇದು? ನೀವು ಇಷ್ಟು ವರ್ಷ ಯಾರ ಯಾರ ಹೆಣಕ್ಕೋ ಕೂತಿರಿ, ನಮ್ಮನ್ನೂ ಕೂರಿಸಿದಿರಿ. ಆಗ ಜಾತಿ ಕೇಳಿದಿರಾ? ಈಗ ನಾವು ಲೆಕ್ಕಕ್ಕಿಲ್ಲವಾ? ಹೀಗೆ ಎಣಿಸುವ ದೇವರು ಯಾವ ಸೀಮೆಯ ದೇವರು?"

ಹಾಗೆ ಹೇಳಬಾರದಿತ್ತು ಎಂದು ಇಂದಿಗೂ ನನಗೆ ಅನ್ನಿಸಿಲ್ಲ. ಬಾಯಿಗೂ ಸಿಟ್ಟು ಬರಲಿಲ್ಲ. ಮೊಣಕಾಲಿನ ಮೇಲೆ ಕೈಯೂರಿ ಎದ್ದು ನಿಂತರು.

"ಸಿಟ್ಟಾಗಬ್ಯಾಡೋ ಸದಾನಂದ. ನಾನೂ ಲೆಕ್ಕಕ್ಕಿಲ್ಲ. ನಾ ಹೆಂಗಸು. ಹತ್ತರಾಗ ನನ್ನೂ ಹಿಡಿಯಂಗಿಲ್ಲ."

"ಮತ್ತೆ ಯಾಕೆ ಹಿಡಕೊಂಡು ಕೂತಿದ್ದೀರಿ? ಹೇಳಿಬಿಡಿ. ಇಲ್ಲಿ ಯಾರು ನೋಡ್ತಾರೆ?" ಎಂದೆ, ಈ ಸಲ ಮೆಲ್ಲಗೆ.

"ಅವರು ಜೀವಮಾನ ಒಂದು ಶನಿವಾರ ಬಾಯ್ಲರ್ ಹಚ್ಚಲಿಲ್ಲ. ಈಗ ನಾ ಸುಳ್ಳ ಹತ್ತು ಎಣಿಸಿ ಹೇಳಿದರ ಅದು ಅವರಿಗೆ ಬ್ಯಾಡ. ನನಗೂ ಬ್ಯಾಡ." ತಗಡಿನ ಮೇಲಿನ ಧೂಳು ಒರೆಸಿ, "ಇದೊಂದ ಉಳದೈತಿ ನನ್ನ ಕಡೆ. ಇದನ್ನೂ ಬಿಟ್ಟರ ನಾ ಏನ್ ಹಿಡಕೊಂಡು ಇರಲಿ?" ಎಂದರು.

ಆಮೇಲೆ ಅವರು ಒಬ್ಬೊಬ್ಬರ ಮುಂದೆಯೂ ಹೋಗಿ ನಿಂತು ಅವರವರ ಹೆಸರು ಹಿಡಿದು ಕರೆದರು. ಮುಟ್ಟುವಂತಿರಲಿಲ್ಲ, ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಸಣ್ಣವನೊಬ್ಬ ಬಂಗಾಳಿ ಬಿಕ್ಕಿ ಬಿಕ್ಕಿ ಅಳತೊಡಗಿದ. "ಬಿಸಿಲು ಭಾಳ ಆತು, ಬಸ್ ಹತ್ರಿ" ಎಂದರು ಬಾಯಿ. ಅವರು ಹತ್ತಿದರು. ಆ ಪ್ರಾರ್ಥನೆ ಅಲ್ಲಿ ಆಗಲೇ ಇಲ್ಲ. ಆ ವರ್ಷವೆಲ್ಲ ಆಗಲಿಲ್ಲ. ಮುಂದೆ ವಿಮಾನಗಳು ಹಾರತೊಡಗಿದ ಮೇಲೂ ಆ ಮರಳಿಗೆ ಹತ್ತು ಮಂದಿ ಯಹೂದಿಗಳನ್ನು ಕರೆತರುವವರು ಯಾರಿದ್ದರು?

ಬಾಯಿ ಮರುದಿನವೇ ಕೆಲಸಕ್ಕೆ ಬಂದರು. ಸತ್ತ ಕೂಲಿಗಳಿಗೆ ಬಟ್ಟೆ ಒಯ್ಯುವುದನ್ನೂ ನಿಲ್ಲಿಸಲಿಲ್ಲ. ನೋಡುವವರು ಭಲೇ ಗಟ್ಟಿ ಹೆಂಗಸು ಎಂದರು. ಹತ್ತಿರವಿದ್ದ ನಮಗೆ ಗೊತ್ತಿತ್ತು, ಒಳಗೆ ಏನೂ ಉಳಿದಿರಲಿಲ್ಲ. ಬೆಂಕಿಬಿದ್ದ ಶೆಡ್ಡನ್ನು ಎಬ್ಬಿಸಿದ ಹಾಗೆ ತಮ್ಮನ್ನು ಎಬ್ಬಿಸಿಕೊಳ್ಳಲು ಅವರಿಗೆ ಆಗಲಿಲ್ಲ. ಒಂದೆರಡು ವರ್ಷ ಹೀಗೆ ಎಳೆದು, ಕಣ್ಣು ಮಂಜಾದ ಮೇಲೆ ಲಾಂಡ್ರಿ ಮಾರಿ, ಕೆಲಸದವರಿಗೆಲ್ಲ ಒಂದೊಂದು ದಾರಿ ಮಾಡಿಕೊಟ್ಟು ಥಾಣೆಗೆ ತಮ್ಮನ ಮನೆಗೆ ಹೋದರು. ನಾನು ವಿಮಾನ ನಿಲ್ದಾಣಕ್ಕೆ ಬಿಡಲು ಹೋಗಿದ್ದೆ. ಮೊದಲು ಸ್ಮಶಾನಕ್ಕೆ ಹೋಗಬೇಕೆಂದರು. ದಿಬ್ಬದ ಪಕ್ಕದ ಖಾಲಿ ಜಾಗ ತೋರಿಸಿ, "ಸಾಯೂ ಮುಂದ ಇಲ್ಲಿಗೆ ಬರ್ತೇನಿ. ಎಜ್ರಾಗೂ ಹೇಳೇನಿ" ಎಂದರು. ಆಗುವ ಮಾತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಹೂಂ ಅಂದೆ.

ಅವರ ತಮ್ಮನ ಮಗಳು ಕಳಿಸಿದ ಸುದ್ದಿಯಲ್ಲಿ ಎಲ್ಲ ವಿವರ ಇತ್ತು. ಹನ್ನಾಬಾಯಿಯ ಮೈಯನ್ನು ಹೆಂಗಸರು ಸೇರಿ ತೊಳೆದರಂತೆ, ಬಿಳಿ ಬಟ್ಟೆ ಉಡಿಸಿದರಂತೆ. ಮಣ್ಣಿಗೆ ಹತ್ತಲ್ಲ, ಮೂವತ್ತು ನಲವತ್ತು ಗಂಡಸರು ಸೇರಿದ್ದರಂತೆ. ಪ್ರಾರ್ಥನೆ ಚೆನ್ನಾಗಿ ಆಯಿತಂತೆ. ಎಲ್ಲವೂ ಹೇಗೆ ಆಗಬೇಕೋ ಹಾಗೆ ಆಯಿತು, ಥಾಣೆಯಲ್ಲಿ.

ಟೈರಿನ ಅಂಗಡಿಯ ಮುಂದೆ ಅತ್ತ ಆ ವಾರದ ಶುಕ್ರವಾರ ನಾನು ದುಖಾನ್ ರಸ್ತೆ ಹಿಡಿದೆ. ಇಸ್ಮಾಯಿಲ್ ಊರಿಗೆ ಹೋಗಿ ಎಷ್ಟೋ ಕಾಲವಾಗಿದೆ, ಉಳಿದವರು ಎಲ್ಲೆಲ್ಲೋ. ಬಾಯಿ ಹೋದ ಸುದ್ದಿಯನ್ನು ಸಾಹೇಬರಿಗೆ ಹೇಳಿ ಬರುವುದು ನನ್ನ ಮೇಲೆಯೇ ಬಿದ್ದಿತ್ತು. ದಿಬ್ಬದ ಮುಂದೆ ನಿಂತೆ. ಪಕ್ಕದ ಜಾಗ ಇನ್ನೂ ಖಾಲಿ ಇದೆ. "ಸಾಹೇಬ್ರೆ" ಎಂದು ಶುರು ಮಾಡಿದೆ. ಹೆಂಡತಿ ಬರುತ್ತಾಳೆಂದು ಮಾರ್ಚಿನಿಂದ ಕಾದು ಕೂತ ಮನುಷ್ಯನಿಗೆ, ಇನ್ನು ಬರುವುದಿಲ್ಲ ಎಂದು ಹೇಳಲು ನನ್ನಿಂದ ಆಗಲಿಲ್ಲ. ಸುಮ್ಮನೆ ವಾಪಸು ಬಂದೆ.